ಬಾಯ್ಕಾಟ್ ಹುಟ್ಟಿದ ದೇಶದಲ್ಲಿ ಒಂದು ಬಾಯ್ಕಾಟ್ ಊರು



"ಅಕ್ಕಾ, ಎಲ್ಲಿದ್ದೀರಿ, ಎರಡು ತಿಂಗಳಿಂದ ಒಂದು ಸಭೆಯಲ್ಲೂ ಕಾಣ್ತಿಲ್ಲ" ಅಂತ ತುಂಬಾ ಜನ ಇನ್‌ಬಾಕ್ಸಿನಲ್ಲಿ ಕೇಳಿದ್ದೀರಿ. ಐರ್ಲೆಂಡಿನಲ್ಲಿದ್ದೆ. ತಂಗಿಯ ಎರಡನೇ ಹೆರಿಗೆ. ಅವ್ವನಿಗೆ ಮಂಡಿ ನೋವು, ಅಷ್ಟು ದೂರ ಬರೋಕಾಗಲ್ಲ. ಹಾಗಾಗಿ ಬಾಣಂತನಕ್ಕೆ ನಾನೇ ಹೋದೆ. ಸಮುದ್ರದ ಫೋಟೋ ಹಾಕೋಕೆ ಈ ಪೋಸ್ಟ್ ಬರೀತಿಲ್ಲ. ಅಲ್ಲಿ ನೋಡಿದ ಒಂದು ಸಣ್ಣ ಊರಿನ ವಿಷಯ ಹೇಳಬೇಕು. ಅದಕ್ಕೂ ನಮಗೂ ಏನು ಸಂಬಂಧ ಅಂತ ಓದ್ತಾ ಹೋದ ಹಾಗೆ ಗೊತ್ತಾಗುತ್ತೆ. ಉದ್ದ ಇದೆ, ಪುರುಸೊತ್ತಾದಾಗ ಓದಿ.

ಊರ ಹೆಸರು ಫೆಥರ್ಡ್-ಆನ್-ಸೀ. ಐರ್ಲೆಂಡಿನ ಆಗ್ನೇಯ ಮೂಲೆಯಲ್ಲಿ ವೆಕ್ಸ್‌ಫರ್ಡ್ ಅಂತ ಒಂದು ಜಿಲ್ಲೆ. ಅಲ್ಲಿ ಹುಕ್ ಅನ್ನೋ ಒಂದು ಭೂಶಿರ ಸಮುದ್ರದೊಳಕ್ಕೆ ಬೆರಳು ಚಾಚಿದ ಹಾಗೆ ಚಾಚಿಕೊಂಡಿದೆ. ಅದರ ಬುಡದಲ್ಲಿ ಈ ಊರು. ತಂಗಿ ಇರೋದು ವಾಟರ್‌ಫರ್ಡ್ ಕಡೆ. ಅಲ್ಲಿಂದ ಪ್ಯಾಸೇಜ್ ಈಸ್ಟ್ ಅನ್ನೋ ಕಡೆ ಕಾರನ್ನು ದೋಣಿಗೆ ಹತ್ತಿಸಿದರೆ ಐದತ್ತು ನಿಮಿಷದಲ್ಲಿ ಆಚೆ ದಡ. ಆಮೇಲೆ ಬೇಲಿ ಸಾಲು, ಹಸಿರು ಹೊಲ, ರಸ್ತೆ ಪಕ್ಕ ಸ್ಟ್ರಾಬೆರಿ ಮತ್ತೆ ಹೊಸ ಆಲೂಗಡ್ಡೆ ಮಾರೋ ಪುಟ್ಟ ಪೆಟ್ಟಿಗೆಗಳು. ಊರು ಅಂದರೆ ಒಂದೇ ಬೀದಿ. ಕೆಲವು ನೂರು ಜನ. ಒಂದು ಪಾಳು ಕೋಟೆ, ಎರಡು ಮತದ ಚರ್ಚುಗಳು, ನಾಲ್ಕು ಅಂಗಡಿ, ಹೋಟೆಲ್ಲು, ಹೆಂಡದಂಗಡಿ. ಗಾಳಿ ಮಾತ್ರ ಬೇಕಾದಷ್ಟು.

ಇಷ್ಟು ಸಣ್ಣ ಊರಿಗೆ ಇತಿಹಾಸ ಜಾಸ್ತಿ. ಪಕ್ಕದ ಬ್ಯಾಗಿನ್‌ಬನ್ ಅನ್ನೋ ಕಡಲ ಕೊಲ್ಲಿಯಲ್ಲಿ 1170ರಲ್ಲಿ ರೇಮಂಡ್ ಲೆ ಗ್ರೋ ಅನ್ನೋ ನಾರ್ಮನ್ ಸರದಾರ ಬಂದಿಳಿದ. ಎದುರು ಬಂದ ವಾಟರ್‌ಫರ್ಡಿನ ಜನರ ಮೇಲೆ ದನದ ಮಂದೆ ನುಗ್ಗಿಸಿ ಗೆದ್ದ. ಸೆರೆ ಸಿಕ್ಕ ಎಪ್ಪತ್ತು ಮಂದಿಯನ್ನು ಕೊಂದು ಬಂಡೆಯಿಂದ ಕೆಳಕ್ಕೆ ಎಸೆದರು ಅಂತ ಆ ಕಾಲದವರೇ ಬರೆದಿಟ್ಟಿದ್ದಾರೆ. ಇಂಗ್ಲೆಂಡಿನ ಆಳ್ವಿಕೆ ಐರ್ಲೆಂಡಿಗೆ ಕಾಲಿಟ್ಟದ್ದು ಈ ಕರಾವಳಿಯಿಂದ. ಅವರು ತೋಡಿದ ಕಂದಕದ ಗುರುತು ಇವತ್ತಿಗೂ ಹುಲ್ಲಿನ ಕೆಳಗೆ ಉಬ್ಬುತಗ್ಗಾಗಿ ಕಾಣುತ್ತೆ. ಭೂಶಿರದ ತುದಿಯಲ್ಲಿ ಸುಮಾರು ಎಂಟುನೂರು ವರ್ಷದ ದೀಪಸ್ತಂಭ ಇದೆ, ಕಪ್ಪು ಬಿಳಿ ಪಟ್ಟೆಯದು, ಇನ್ನೂ ಕೆಲಸ ಮಾಡ್ತಾ ಇದೆ. ಟೂರಿಸ್ಟ್ ಬಸ್ಸುಗಳು ಅಲ್ಲಿಗೇ ಹೋಗೋದು. ಈ ಬೀದಿಯಲ್ಲಿ ನಿಲ್ಲೋರು ಕಮ್ಮಿ.

ನಾನು ನಿಂತೆ. ಯಾಕೆ ಅಂದರೆ ತಂಗಿ ಗಂಡ ಹೇಳಿದ್ದ: "ಅಕ್ಕಾ, ಇಲ್ಲೊಂದೂರಿಗೆ ನಮ್ಮದೇ ಕತೆ ಐತೆ. ಸಿನಿಮಾನೂ ಆಗೈತೆ."

ನಮ್ಮದೇ ಕತೆ ಅಂದರೆ ಏನು ಅನ್ನೋದನ್ನ ಮೊದಲು ಹೇಳಿಬಿಡ್ತೀನಿ. ನನ್ನ ತಂಗಿ ನಮ್ಮ ಕೇರಿ ಹುಡುಗಿ. ಅವಳ ಗಂಡ ಊರ ಒಳಗಿನವನು, ಭೂಮಿ ಇರೋ ಜಾತಿಯವನು. ಇಬ್ಬರೂ ಒಟ್ಟಿಗೆ ಕಾಲೇಜಿಗೆ ಹೋದವರು. 2016ರಲ್ಲಿ ತಾಲ್ಲೂಕು ಕೇಂದ್ರದ ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆ ಆದರು, ಆವತ್ತೇ ರಾತ್ರಿ ಬೆಂಗಳೂರು ಬಸ್ ಹತ್ತಿದರು. ಅವರಿಬ್ಬರು ಸಿಗಲಿಲ್ಲ ಅಂತ ಊರು ನಮ್ಮ ಕೇರಿಯ ಮೇಲೆ ತಿರುಗಿ ಬಿತ್ತು. ಮೂವತ್ತೊಂದು ಮನೆ. ಮದುವೆ ಆದದ್ದು ಒಂದು ಮನೆಯ ಹುಡುಗಿ, ಶಿಕ್ಷೆ ಮೂವತ್ತೊಂದು ಮನೆಗೆ. ಅರಳಿಕಟ್ಟೆಯಲ್ಲಿ ತೀರ್ಮಾನ ಆಯ್ತು. ಅಂಗಡಿಯಲ್ಲಿ ಸಾಮಾನು ಕೊಡೋ ಹಾಗಿಲ್ಲ. ಮಿಲ್ಲಿನಲ್ಲಿ ರಾಗಿ ಬೀಸೋ ಹಾಗಿಲ್ಲ. ಕೂಲಿಗೆ ಕರೆಯೋ ಹಾಗಿಲ್ಲ. ಡೈರಿಯಲ್ಲಿ ನಮ್ಮ ಹಾಲು ಹಾಕಿಸಿಕೊಳ್ಳೋ ಹಾಗಿಲ್ಲ. ಆಟೋ ಹತ್ತಿಸೋ ಹಾಗಿಲ್ಲ. ಮಾತಾಡಿಸಿದರೆ ಸಾವಿರ ರೂಪಾಯಿ ದಂಡ. ಎಪ್ಪತ್ತೆರಡು ದಿನ ನಡೀತು. ಅವ್ವ ಅಷ್ಟೂ ದಿನ ಒಳಕಲ್ಲು, ಬೀಸೋಕಲ್ಲು ಈಚೆಗೆ ತೆಗೆದು ಕೈಯಲ್ಲೇ ಬೀಸಿದಳು. ಮಂಡಿ ನೋವು ಅಂದೆನಲ್ಲ, ಅದು ಆವಾಗಿನಿಂದ.

ನಮ್ಮ ಕೇರಿಯ ಹಿರಿಯರಿಗೆ "ಸಾಮಾಜಿಕ ಬಹಿಷ್ಕಾರ" ಅನ್ನೋ ಮಾತು ಬಾಯಿಗೆ ಬರಲ್ಲ. ಅವರು ಹೇಳೋದು "ಬಾಯ್ಕಾಟ್ ಹಾಕವ್ರೆ". ಅಕ್ಷರ ಬಾರದ ನಮ್ಮಜ್ಜಿಯ ಬಾಯಲ್ಲೂ ಆ ಇಂಗ್ಲಿಷ್ ಪದ ಇತ್ತು. ಅದು ಐರ್ಲೆಂಡಿನ ಒಬ್ಬ ಮನುಷ್ಯನ ಹೆಸರು ಅಂತ ನಮಗೆಲ್ಲಿ ಗೊತ್ತು?

ಆತ ಚಾರ್ಲ್ಸ್ ಕನಿಂಗ್‌ಹ್ಯಾಮ್ ಬಾಯ್ಕಾಟ್, ಇಂಗ್ಲಿಷಿನವನು. ಪಶ್ಚಿಮದ ಮೇಯೋ ಜಿಲ್ಲೆಯಲ್ಲಿ ಲಾರ್ಡ್ ಅರ್ನ್ ಅನ್ನೋ ಜಮೀನ್ದಾರನ ಏಜೆಂಟ್. 1880ರಲ್ಲಿ ಬೆಳೆ ಕೆಟ್ಟು ಗೇಣಿದಾರರು ಗೇಣಿಯಲ್ಲಿ ಶೇಕಡಾ 25 ಇಳಿಸಿ ಅಂದರು. ಜಮೀನ್ದಾರ ಶೇಕಡಾ 10ಕ್ಕೆ ಮಾತ್ರ ಒಪ್ಪಿದ. ಬಾಯ್ಕಾಟ್ ಒಕ್ಕಲೆಬ್ಬಿಸೋ ನೋಟಿಸು ಕಳಿಸಿದ. ನೋಟಿಸು ತಂದವನನ್ನು ಹೆಂಗಸರು ಕಲ್ಲು, ಕೆಸರು, ಗೊಬ್ಬರ ಎಸೆದು ಓಡಿಸಿದರು. ಅದಕ್ಕೆ ಕೆಲವೇ ದಿನ ಮೊದಲು ಪಾರ್ನೆಲ್ ಅನ್ನೋ ನಾಯಕ ಎನಿಸ್ ಊರಿನ ಸಭೆಯಲ್ಲಿ, ಒಕ್ಕಲೆಬ್ಬಿಸಿದ ಜಮೀನಿಗೆ ಕೈಹಾಕುವವನನ್ನು ಹೊಡೀಬೇಡಿ, ಕುಷ್ಠ ಬಂದವನ ಹಾಗೆ ದೂರ ಇಡಿ ಅಂತ ಹೇಳಿದ್ದ. ಜನ ಅದನ್ನೇ ಮಾಡಿದರು. ಬಾಯ್ಕಾಟನ ಮನೆಯ ಆಳುಗಳು ಬಿಟ್ಟುಹೋದರು, ಕಮ್ಮಾರ ಕೆಲಸ ನಿಲ್ಲಿಸಿದ, ಬಟ್ಟೆ ಒಗೆಯೋಳು ಬರಲಿಲ್ಲ, ಟಪಾಲು ತರೋ ಹುಡುಗನನ್ನೂ ತಡೆದರು, ಅಂಗಡಿಯವರು ಸಾಮಾನು ಕೊಡಲಿಲ್ಲ. ಬೆಳೆ ಹೊಲದಲ್ಲೇ ನಿಂತಿತು. ಉತ್ತರದ ಕಡೆಯಿಂದ ಐವತ್ತು ಜನ ಆಳುಗಳನ್ನು ಕರೆಸಿ, ಸುಮಾರು ಸಾವಿರ ಸೈನಿಕರು-ಪೊಲೀಸರ ಕಾವಲಿನಲ್ಲಿ ಆಲೂಗಡ್ಡೆ, ಟರ್ನಿಪ್ ಅಗೆಸಿದರು. ಐನೂರು ಪೌಂಡಿನ ಬೆಳೆಗೆ ಸರ್ಕಾರಕ್ಕೆ ಬಿದ್ದ ಖರ್ಚು ಹತ್ತು ಸಾವಿರ ಪೌಂಡ್ ಅಂತ ಲೆಕ್ಕ. ಡಿಸೆಂಬರ್ ಹೊತ್ತಿಗೆ ಆತ ಐರ್ಲೆಂಡ್ ಬಿಟ್ಟ. ಆತನ ಹೆಸರನ್ನು ಕ್ರಿಯಾಪದ ಮಾಡಿದವರು ಅಲ್ಲಿನ ಪಾದ್ರಿ ಜಾನ್ ಒ'ಮ್ಯಾಲಿ ಮತ್ತೆ ಅಮೆರಿಕದ ಪತ್ರಕರ್ತ ಜೇಮ್ಸ್ ರೆಡ್‌ಪಾತ್. ಈ ರೆಡ್‌ಪಾತ್ ಕರಿಯರ ಗುಲಾಮಗಿರಿ ವಿರುದ್ಧ ಹೋರಾಡಿದವನು, ಜಾನ್ ಬ್ರೌನನ ಜೀವನಚರಿತ್ರೆ ಬರೆದವನು. ಇದೊಂದು ವಿಷಯ ಓದಿ ನನಗೆ ಬಹಳ ಖುಷಿಯಾಯ್ತು.

ಅಂದರೆ ಪದ ಹುಟ್ಟಿದಾಗ ಅದು ನಮ್ಮ ಕಡೆ ಇತ್ತು. ಉಳುವವನ ಕೈಯಲ್ಲಿತ್ತು. ಕಮ್ಮಾರ, ಅಗಸಗಿತ್ತಿ, ಆಳುಮಕ್ಕಳು ಒಡೆಯನ ಏಜೆಂಟನಿಗೆ ಬಾಗಿಲು ಹಾಕಿದ್ದು. ಅದೇ ಪದ ಎಪ್ಪತ್ತೇಳು ವರ್ಷದಲ್ಲಿ ಅದೇ ದೇಶದಲ್ಲಿ ಹೇಗೆ ಉಲ್ಟಾ ಆಯ್ತು ಅಂತ ನೋಡಬೇಕಾದರೆ ಫೆಥರ್ಡಿಗೇ ಬರಬೇಕು.

ಶಾನ್ ಕ್ಲೋನಿ ಅನ್ನೋ ಕ್ಯಾಥೊಲಿಕ್ ರೈತ. ಊರ ಹತ್ತಿರ ಡನ್‌ಗಲ್ಫ್ ಅನ್ನೋ ಹಳೇ ಕೋಟೆಮನೆಯಲ್ಲಿ ಇದ್ದವರು. ಹೆಂಡತಿ ಪ್ರೊಟೆಸ್ಟಂಟ್, ಅದೇ ಊರ ಕಡೆಯವರು. ಹೆಸರು ಶೀಲಾ. (ಹೌದು, ನಮ್ಮ ಶೀಲಾ ತರಾನೇ. ನಮ್ಮ ಕೇರಿಯಲ್ಲೂ ಇಬ್ಬರು ಶೀಲಾ ಇದ್ದಾರೆ.) 1949ರಲ್ಲಿ ಲಂಡನ್ನಿಗೆ ಹೋಗಿ ರಿಜಿಸ್ಟರ್ ಮದುವೆ ಆದರು. ಆಗ ಕ್ಯಾಥೊಲಿಕ್ ಚರ್ಚಿನದೊಂದು ಕಟ್ಟಳೆ ಇತ್ತು, ನೆ ಟೆಮೆರೆ ಅಂತ. ಬೇರೆ ಪಂಥದವರನ್ನು ಮದುವೆ ಆದರೆ ಹುಟ್ಟೋ ಮಕ್ಕಳನ್ನೆಲ್ಲ ಕ್ಯಾಥೊಲಿಕ್ಕರಾಗಿ ಬೆಳೆಸ್ತೀವಿ ಅಂತ ಬರೆದುಕೊಡಬೇಕು. ಆ ಬರಹಕ್ಕೆ ಕಾನೂನಿನ ಬಲ ಇದೆ ಅಂತ ಐರ್ಲೆಂಡಿನ ಸುಪ್ರೀಂ ಕೋರ್ಟೇ 1950ರಲ್ಲಿ ಟಿಲ್ಸನ್ ಕೇಸಿನಲ್ಲಿ ಹೇಳಿತ್ತು. ಶೀಲಾನೂ ಬರೆದುಕೊಟ್ಟಿದ್ದರು.

1957. ದೊಡ್ಡ ಮಗಳಿಗೆ ಆರು ವರ್ಷ, ಶಾಲೆಗೆ ಸೇರಿಸಬೇಕು. ಪಾದ್ರಿ ಬಂದು ಕ್ಯಾಥೊಲಿಕ್ ಶಾಲೆಗೇ ಹಾಕಬೇಕು ಅಂತ ಹೇಳಿದರು. ಹೇಳಿದ ರೀತಿ ಶೀಲಾಗೆ ಹಿಡಿಸಲಿಲ್ಲ. ನನ್ನ ಮಗಳು ಎಲ್ಲಿ ಓದಬೇಕು ಅಂತ ಹೇಳೋಕೆ ನೀವ್ಯಾರು ಅನ್ನೋ ಪ್ರಶ್ನೆ ಅದು. ಏಪ್ರಿಲ್ ಕೊನೆಯಲ್ಲಿ ಎರಡು ಹೆಣ್ಣುಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಮನೆಬಿಟ್ಟರು. ಮೊದಲು ಬೆಲ್‌ಫಾಸ್ಟ್, ಆಮೇಲೆ ಸ್ಕಾಟ್ಲೆಂಡಿನಿಂದಲೂ ಆಚೆಗಿರೋ ಆರ್ಕ್ನಿ ದ್ವೀಪಗಳಿಗೆ.

ಮೇ ತಿಂಗಳ ಒಂದು ಭಾನುವಾರ ಚರ್ಚಿನ ಪೀಠದಿಂದ ಘೋಷಣೆ ಆಯ್ತು. ಇದಕ್ಕೆಲ್ಲ ಊರಿನ ಪ್ರೊಟೆಸ್ಟಂಟರ ಕುಮ್ಮಕ್ಕಿದೆ, ಮಕ್ಕಳು ವಾಪಸು ಬರೋವರೆಗೆ ಅವರ ಜೊತೆ ವ್ಯವಹಾರ ಬೇಡ ಅಂತ. ಸೋಮವಾರದಿಂದ ಶುರು. ಬೆರಳೆಣಿಕೆಯಷ್ಟು ಪ್ರೊಟೆಸ್ಟಂಟ್ ಮನೆಗಳು. ಅವರ ಎರಡು ಅಂಗಡಿಗೆ ಗಿರಾಕಿ ನಿಂತುಹೋದರು. ಹಾಲು ಮಾರೋ ರೈತನ ಹಾಲು ಉಳೀತು. ಅವರ ಶಾಲೆಯಲ್ಲಿ ಪಾಠ ಹೇಳ್ತಿದ್ದ ಕ್ಯಾಥೊಲಿಕ್ ಟೀಚರು ಬಿಟ್ಟರು. ಚರ್ಚು ನೋಡಿಕೊಳ್ತಿದ್ದವರು ಬಿಟ್ಟರು. ಸಂಗೀತ ಕಲಿಸ್ತಿದ್ದ ಒಬ್ಬ ವಯಸ್ಸಾದ ಹೆಂಗಸಿಗೆ ಹೆಚ್ಚುಕಮ್ಮಿ ಎಲ್ಲಾ ಮಕ್ಕಳೂ ತಪ್ಪಿಹೋದರು. ಈ ಸಂಗೀತದ ಟೀಚರಮ್ಮನ ವಿಷಯ ನನಗೆ ಮರೆಯೋಕೇ ಆಗ್ತಿಲ್ಲ. ಓಡಿಹೋದ ಹೆಂಗಸಿಗೂ ಪಿಯಾನೋ ಕಲಿಸೋ ಮುದುಕಿಗೂ ಏನು ಸಂಬಂಧ? ನಮ್ಮ ತಂಗಿಗೂ ಡೈರಿಗೆ ಹಾಲು ಹಾಕ್ತಿದ್ದ ಕೊನೇ ಮನೆ ಮುದುಕಪ್ಪನಿಗೂ ಇದ್ದ ಸಂಬಂಧವೇ.

ಊರ ಬೀದಿಯಲ್ಲಿ ಒಂದು ಸ್ಮಾರಕ ಇದೆ. ಬಾಯ್ಕಾಟಿಂದಲ್ಲ. 1914ರ ಫೆಬ್ರವರಿ 20ರಂದು ನಾರ್ವೆ ದೇಶದ 'ಮೆಕ್ಸಿಕೋ' ಅನ್ನೋ ಹಡಗು ಬಿರುಗಾಳಿಗೆ ಸಿಕ್ಕಿ ಎದುರಿಗಿರೋ ಕೀರಾ ದ್ವೀಪಗಳ ಬಂಡೆಗೆ ಬಡೀತು. ಊರಿನ ಹದಿನಾಲ್ಕು ಜನ ರಕ್ಷಣಾ ದೋಣಿ ಹತ್ತಿ ಹೊರಟರು. ಒಂಬತ್ತು ಜನ ಮುಳುಗಿ ಸತ್ತರು. ಉಳಿದ ಐದು ಜನ, ಹಡಗಿನವರ ಜೊತೆ ಆ ಬೋಳು ದ್ವೀಪದಲ್ಲಿ ದಿನಗಟ್ಟಲೆ ಚಳಿಯಲ್ಲಿ ಸಿಕ್ಕಿಹಾಕಿಕೊಂಡರು. ಹೆಸರು ಗೊತ್ತಿಲ್ಲದ, ಭಾಷೆ ಗೊತ್ತಿಲ್ಲದ ನಾರ್ವೆಯವರನ್ನು ಉಳಿಸೋಕೆ ಒಂದು ಸಣ್ಣ ಊರು ಒಂಬತ್ತು ಜೀವ ಕೊಟ್ಟಿದೆ. ನಲವತ್ತಮೂರು ವರ್ಷ ಆದಮೇಲೆ ಅದೇ ಊರು ಪಕ್ಕದ ಮನೆಯವಳ ಅಂಗಡಿಯಲ್ಲಿ ಪೇಪರ್ ತಗೊಳ್ಳಲಿಲ್ಲ. ನಾನು ಆ ಕಲ್ಲಿನ ಮುಂದೆ ಬಹಳ ಹೊತ್ತು ನಿಂತಿದ್ದೆ. ಹಳ್ಳಿ ಜನ ಒಳ್ಳೆಯವರು ಅಂತ ಹೇಳೋರಿಗೂ ಕೆಟ್ಟವರು ಅಂತ ಹೇಳೋರಿಗೂ ಆ ಕಲ್ಲು ತೋರಿಸಬೇಕು. ನಮ್ಮೂರಲ್ಲೂ ಹಾಗೇ. ನಮ್ಮಪ್ಪನಿಗೆ ಹಾವು ಕಚ್ಚಿದಾಗ ರಾತ್ರಿ ಎರಡು ಗಂಟೆಗೆ ಟ್ರ್ಯಾಕ್ಟರ್ ಕಟ್ಟಿಕೊಂಡು ಆಸ್ಪತ್ರೆಗೆ ಸೇರಿಸಿದವರೇ ಅರಳಿಕಟ್ಟೆ ಮೇಲೆ ಕೂತು ದಂಡ ನಿಗದಿ ಮಾಡಿದ್ದು.

ಒಂದು ವಿಷಯ ಸ್ಪಷ್ಟ ಮಾಡಬೇಕು, ಇಲ್ಲಾಂದರೆ ಕಾಮೆಂಟಿನಲ್ಲಿ ಯಾರಾದರೂ ಹಿಡ್ಕೋತೀರಿ. ಫೆಥರ್ಡಿನ ಪ್ರೊಟೆಸ್ಟಂಟರನ್ನು ದಲಿತರಿಗೆ ಹೋಲಿಸ್ತಾ ಇಲ್ಲ. ಒಂದು ಕಾಲಕ್ಕೆ ಐರ್ಲೆಂಡಿನ ಭೂಮಿಯೆಲ್ಲ ಇದ್ದದ್ದು ಪ್ರೊಟೆಸ್ಟಂಟ್ ಜಮೀನ್ದಾರರ ಹತ್ತಿರ. ಕ್ಯಾಥೊಲಿಕ್ಕರು ಶತಮಾನಗಟ್ಟಲೆ ತುಳಿಸಿಕೊಂಡವರು. 1798ರ ಬಂಡಾಯ ಈ ವೆಕ್ಸ್‌ಫರ್ಡಿನಲ್ಲೇ ಜೋರಾಗಿ ನಡೆದದ್ದು. ಆಗ ಸ್ಕಲ್ಲಬೋಗ್ ಅನ್ನೋ ಕಡೆ ನೂರಕ್ಕೂ ಹೆಚ್ಚು ಜನರನ್ನು, ಬಹುಪಾಲು ಪ್ರೊಟೆಸ್ಟಂಟರನ್ನು, ಬಂಡಾಯದವರು ಕಣಜದಲ್ಲಿ ಕೂಡಿಹಾಕಿ ಸುಟ್ಟರು. ಬಂಡಾಯಗಾರರನ್ನು ಸರ್ಕಾರ ಅದಕ್ಕಿಂತ ಎಷ್ಟೋ ಪಟ್ಟು ಕೊಂದಿತು. ಎರಡೂ ಕಡೆಯವರ ಮನಸ್ಸಿನಲ್ಲಿ ಆ ಬೂದಿ ಇತ್ತು. ಆದರೆ 1922ಕ್ಕೆ ದೇಶ ಸ್ವತಂತ್ರ ಆದಮೇಲೆ ತಕ್ಕಡಿ ವಾಲಿತು. ಫೆಥರ್ಡಿನ ಪ್ರೊಟೆಸ್ಟಂಟರು ಸಣ್ಣ ರೈತರು, ಅಂಗಡಿಯವರು. ಎಣಿಕೆಯಲ್ಲಿ ಏನೂ ಇಲ್ಲ.

ಅಷ್ಟಾದರೂ ಅವರಿಗೂ ನಮಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಅಲ್ಲಿ ಬಹಿಷ್ಕಾರ ಅಂದರೆ ಅವರ ಅಂಗಡಿಯಲ್ಲಿ ಯಾರೂ ಕೊಳ್ಳಲಿಲ್ಲ. ನಮ್ಮಲ್ಲಿ ಬಹಿಷ್ಕಾರ ಅಂದರೆ ನಮಗೆ ಯಾರೂ ಮಾರಲಿಲ್ಲ. ಅವರಿಗೆ ಅಂಗಡಿ ಇತ್ತು, ಹೊಲ ಇತ್ತು, ಅವರದೇ ಶಾಲೆ, ಅವರದೇ ಚರ್ಚು ಇತ್ತು. ಉತ್ತರ ಐರ್ಲೆಂಡಿನ ಪ್ರೊಟೆಸ್ಟಂಟ್ ಸಂಘಟನೆಗಳು ಚಂದಾ ಎತ್ತಿ ಕಳಿಸಿದವು. ಹೊರದೇಶದ ಪತ್ರಿಕೆಗಳವರು ಬಂದರು. ನಮ್ಮ ಎಪ್ಪತ್ತೆರಡು ದಿನಕ್ಕೆ ಜಿಲ್ಲಾ ಪುಟದಲ್ಲಿ ಎರಡು ಕಾಲಂ ಸುದ್ದಿ ಬಂತು, ಅದೂ "ಎರಡು ಗುಂಪುಗಳ ನಡುವೆ ಮನಸ್ತಾಪ" ಅಂತ. ಮನಸ್ತಾಪವಂತೆ!

ಡಬ್ಲಿನ್ನಿನ ಪಾರ್ಲಿಮೆಂಟಿನಲ್ಲಿ ನೋಯೆಲ್ ಬ್ರೌನ್ ಅನ್ನೋ ಸದಸ್ಯ ಈ ಪ್ರಶ್ನೆ ಎತ್ತಿದರು. ಡಾಕ್ಟರು, ಚರ್ಚಿನ ಎದುರು ನಿಂತು ಒಮ್ಮೆ ಮಂತ್ರಿ ಪದವಿ ಕಳಕೊಂಡವರು. ಪ್ರಧಾನಿ ಡಿ ವಲೇರಾ, ಸ್ವತಃ ಕಟ್ಟಾ ಕ್ಯಾಥೊಲಿಕ್, ಜುಲೈ ತಿಂಗಳಲ್ಲಿ ಸದನದಲ್ಲಿ ನಿಂತು ಈ ಬಹಿಷ್ಕಾರ ವಿವೇಚನೆ ಇಲ್ಲದ್ದು, ಇದರಿಂದ ಏನೂ ಸಾಧಿಸೋಕಾಗಲ್ಲ, ನಿರಪರಾಧಿಗಳನ್ನು ಸೇರಿಸಿ ಶಿಕ್ಷಿಸೋದು ಅನ್ಯಾಯ, ಕ್ರೌರ್ಯ ಅಂದರು. ಇಷ್ಟು ಹೇಳೋಕೂ ಆ ಕಾಲಕ್ಕೆ ಧೈರ್ಯ ಬೇಕಿತ್ತು, ಯಾಕಂದರೆ ಗಾಲ್ವೇ ಬಿಷಪ್ಪು ಕೆಲವೇ ದಿನ ಮೊದಲು ವೆಕ್ಸ್‌ಫರ್ಡಿಗೆ ಬಂದು ಬಹಿಷ್ಕಾರವನ್ನು ಸಮರ್ಥನೆ ಮಾಡಿ ಹೋಗಿದ್ದರು. ಆದರೆ ಪ್ರಧಾನಿ ಅದೇ ಭಾಷಣದಲ್ಲಿ ಇನ್ನೊಂದು ಮಾತೂ ಸೇರಿಸಿದರು: ಆ ಹೆಂಡತಿಯ ಮೇಲೆ ಪ್ರಭಾವ ಇರೋರು ಆಕೆಗೆ ಹೇಳಿ, ಕೊಟ್ಟ ಮಾತು ಉಳಿಸಿಕೊಂಡು ಮಕ್ಕಳ ಸಮೇತ ಗಂಡನ ಮನೆಗೆ ಬರಲಿ ಅಂತ. ನೋಡಿ, ಕೊನೆಗೆ ಬುದ್ಧಿಮಾತು ಹೆಣ್ಣಿಗೇ. ನಮ್ಮಲ್ಲಿ ಶಾಂತಿ ಸಭೆ ಮಾಡಿಸಿದ ಅಧಿಕಾರಿಯೂ ಅವ್ವನ ಕಡೆ ತಿರುಗಿ "ಮಗಳನ್ನ ಸರಿಯಾಗಿ ಬೆಳೆಸಬೇಕಿತ್ತಮ್ಮ" ಅಂದಿದ್ದರು. ಎಲ್ಲರಿಗೂ ಟೀ ಕೊಟ್ಟು ಫೋಟೋ ತೆಗೆಸಿದರು. ಕೇಸ್ ದಾಖಲಾಗಲಿಲ್ಲ.

ಫೆಥರ್ಡಿನಲ್ಲಿ ಬಾಯ್ಕಾಟ್ ಮುರಿದವರೂ ಇದ್ದರು. ಶಾನ್ ಕ್ಲೋನಿಯೇ ಅದಕ್ಕೆ ವಿರುದ್ಧ ಇದ್ದರು. ಯಾರ ಪರವಾಗಿ ಊರು ಬಹಿಷ್ಕಾರ ಹಾಕಿತೋ ಅವರಿಗೇ ಅದು ಬೇಡವಾಗಿತ್ತು! ಬ್ರಿಟಿಷರ ವಿರುದ್ಧ ಬಂದೂಕು ಹಿಡಿದಿದ್ದ ಹಳೇ ಹೋರಾಟಗಾರರಲ್ಲಿ ಕೆಲವರು ಬೇಕು ಬೇಕು ಅಂತಲೇ ಪ್ರೊಟೆಸ್ಟಂಟ್ ಅಂಗಡಿಗೆ ಹೋಗಿ ಸಾಮಾನು ತಂದರು. ಪಾದ್ರಿ ಹೇಳಿದ ಅಂತ ನೆರೆಯವನನ್ನ ಬಿಡೋಕೆ ನಾವು ಸ್ವಾತಂತ್ರ್ಯ ತಂದದ್ದಾ ಅನ್ನೋ ಸಿಟ್ಟು ಇರಬೇಕು. ಚಳಿಗಾಲ ಹತ್ತಿರ ಬರೋ ಹೊತ್ತಿಗೆ ಬಹಿಷ್ಕಾರದ ಬಿಗಿ ಸಡಿಲ ಆಯ್ತು. ಒಬ್ಬ ಪಾದ್ರಿಯೇ ಬಹಿಷ್ಕಾರ ಹಾಕಿಸಿಕೊಂಡ ಅಂಗಡಿಗೆ ಹೋಗಿ ಸಿಗರೇಟು ಪ್ಯಾಕ್ ಕೊಂಡರು, ಅದೇ ಮುಗೀತು ಅನ್ನೋ ಸೂಚನೆ ಆಯ್ತು. ಕ್ಷಮೆ ಇಲ್ಲ, ಘೋಷಣೆ ಇಲ್ಲ, ಒಂದು ಪ್ಯಾಕ್ ಸಿಗರೇಟು. ನಮ್ಮಲ್ಲಿ ಮೊದಲು ಬಂದದ್ದು ಸೊಪ್ಪು ಮಾರೋ ಒಬ್ಬ ಮುದುಕಿ. ಹಿತ್ತಲ ಕಡೆಯಿಂದ ಬಂದು ಎರಡು ಕಟ್ಟು ದಂಟಿನ ಸೊಪ್ಪು ಇಟ್ಟು, ದುಡ್ಡು ಈಸಿಕೊಳ್ಳದೆ ಹೋದಳು. ಅವಳ ಮನೆಗೆ ದಂಡ ಬಿತ್ತು ಅಂತ ಆಮೇಲೆ ಗೊತ್ತಾಯ್ತು.

1957ರ ಕೊನೆಗೆ ಗಂಡ ಆರ್ಕ್ನಿಗೆ ಹೋಗಿ ಶೀಲಾರನ್ನು, ಮಕ್ಕಳನ್ನು ಕರೆತಂದರು. ವಾಪಸು ಬಂದದ್ದು ಅದೇ ಊರಿಗೆ, ಅದೇ ಮನೆಗೆ. ಮಕ್ಕಳನ್ನು ಆ ಶಾಲೆಗೂ ಹಾಕಲಿಲ್ಲ, ಈ ಶಾಲೆಗೂ ಹಾಕಲಿಲ್ಲ. ಮನೆಯಲ್ಲೇ ಓದಿಸಿದರು. ಶಾನ್ 1999ರಲ್ಲಿ, ಶೀಲಾ 2009ರಲ್ಲಿ ತೀರಿಕೊಂಡರು. ಇದನ್ನು ಓದಿ ನನ್ನ ತಂಗಿ ಸುಮ್ಮನೆ ಕೂತಳು. "ಅವರು ವಾಪಸು ಹೋದರು ಅಕ್ಕಾ" ಅಂದಳು. ಅವಳು ಎಂಟು ವರ್ಷದಿಂದ ನಮ್ಮೂರಿಗೆ ಬಂದಿಲ್ಲ. ಅವ್ವನ್ನ ನೋಡೋದು ವಿಡಿಯೋ ಕಾಲಿನಲ್ಲಿ.

ಬಾಬಾಸಾಹೇಬರ ವಿಷಯ ಇಲ್ಲಿ ಹೇಳಲೇಬೇಕು. 1880ರಲ್ಲಿ ಮೇಯೋದಲ್ಲಿ ಪದ ಹುಟ್ಟಿತು. ಸರಿಯಾಗಿ ಐವತ್ತು ವರ್ಷಕ್ಕೆ, 1930ರಲ್ಲಿ, ಲಂಡನ್ನಿನ ದುಂಡು ಮೇಜಿನ ಪರಿಷತ್ತಿಗೆ ಹೋದ ಅಂಬೇಡ್ಕರ್ ಮತ್ತು ಆರ್. ಶ್ರೀನಿವಾಸನ್ ಅಲ್ಪಸಂಖ್ಯಾತರ ಉಪಸಮಿತಿಗೆ ಒಂದು ಮನವಿ ಕೊಟ್ಟರು. ಅದರಲ್ಲಿ ಬಾಯ್ಕಾಟ್ ಮಾಡೋದು ಶಿಕ್ಷಾರ್ಹ ಅಪರಾಧ ಆಗಬೇಕು, ಏನೇನು ಮಾಡಿದರೆ ಬಾಯ್ಕಾಟ್ ಅಂತ ಕಾನೂನಿನಲ್ಲೇ ವ್ಯಾಖ್ಯಾನ ಇರಬೇಕು ಅಂತ ಕೇಳಿದರು. ಅದಕ್ಕೆ 1922ರ ಬರ್ಮಾ ಬಾಯ್ಕಾಟ್ ವಿರೋಧಿ ಕಾಯ್ದೆಯ ಮಾದರಿಯನ್ನೂ ಮುಂದಿಟ್ಟರು. ಅವರ ಕಣ್ಣಿಗೆ ಹೊಡೆತ ಬಡಿತಕ್ಕಿಂತ ಇದು ಭಯಂಕರ. ಯಾಕಂದರೆ ಇದರಲ್ಲಿ ಯಾರೂ ಕೈ ಎತ್ತಲ್ಲ. ಅಂಗಡಿಯವನು ತನ್ನಿಷ್ಟ ಅಂತಾನೆ, ಹೊಲದವನು ತನ್ನಿಷ್ಟ ಅಂತಾನೆ, ಕೂಲಿಯವನು ಸಂಜೆಗೆ ಹಸಿದು ಮಲಗ್ತಾನೆ. ಎಲ್ಲರ ಇಷ್ಟವೂ ಒಂದೇ ದಿನ ಒಂದೇ ಆಗಿದ್ದು ಹೇಗೆ ಅಂತ ಪೊಲೀಸಿನವರು ಕೇಳಲ್ಲ. 1947ರಲ್ಲಿ ಬರೆದ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್'ನಲ್ಲೂ ಬಾಬಾಸಾಹೇಬರು ಅದನ್ನೇ ಮತ್ತೆ ಇಟ್ಟರು. ಸಾಮಾಜಿಕ, ಆರ್ಥಿಕ ಬಹಿಷ್ಕಾರವನ್ನು ದೌರ್ಜನ್ಯ ತಡೆ ಕಾಯ್ದೆಯ ಅಪರಾಧಗಳ ಪಟ್ಟಿಗೆ ನೇರವಾಗಿ ಸೇರಿಸಿದ್ದು 2015ರ ತಿದ್ದುಪಡಿ. ಲೆಕ್ಕ ಹಾಕಿ. ಎಂಬತ್ತೈದು ವರ್ಷ. ನಮ್ಮ ಕೇರಿಗೆ ಬಾಯ್ಕಾಟ್ ಬಿದ್ದದ್ದು ಆ ತಿದ್ದುಪಡಿ ಬಂದಮೇಲೆ.

ಹಾಗಂತ ಬಾಯ್ಕಾಟ್ ಅನ್ನೋ ಆಯುಧವನ್ನೇ ನಾವು ಬಿಡಬೇಕಾ? ನನಗೆ ಹಾಗನ್ನಿಸಲ್ಲ. ಊನಾದಲ್ಲಿ 2016ರಲ್ಲಿ ಚರ್ಮ ಸುಲಿಯೋ ಹುಡುಗರನ್ನು ಕಟ್ಟಿ ಹೊಡೆದಾಗ ಗುಜರಾತಿನ ದಲಿತರು ಸತ್ತ ದನಗಳನ್ನು ತಂದು ಸರ್ಕಾರಿ ಕಚೇರಿ ಮುಂದೆ ಸುರಿದರಲ್ಲ, ನಿಮ್ಮ ದನ ನೀವೇ ಎತ್ತಿ ಅಂತ, ಅದು ಮೇಯೋದ ಅಸಲಿ ಬಾಯ್ಕಾಟ್. ಮಾಡೋ ಕೆಲಸ ನಿಲ್ಲಿಸೋದು ಬೇರೆ, ತಿನ್ನೋ ಅನ್ನ ನಿಲ್ಲಿಸೋದು ಬೇರೆ. ನಮ್ಮಲ್ಲಿ ಮೇಲಿನವರ ಕೈಯಲ್ಲಿ ನೀರು, ಅಂಗಡಿ, ಹೊಲ ಮೂರೂ ಇದೆ. ನಮ್ಮ ಕೈಯಲ್ಲಿರೋದು ನಮ್ಮ ದುಡಿಮೆ ಮಾತ್ರ. ಅದನ್ನು ತಡೆ ಹಿಡಿಯೋ ದಿನ ಹೊಟ್ಟೆಗೆ ಏನು ಅನ್ನೋ ಪ್ರಶ್ನೆಗೆ ಉತ್ತರ ಇಟ್ಟುಕೊಂಡು ಹಿಡಿಯಬೇಕು. ಮೇಯೋದವರ ಹಿಂದೆ ಲ್ಯಾಂಡ್ ಲೀಗ್ ಇತ್ತು. ಅವರ ಹೋರಾಟದ ಫಲವಾಗಿ ಮುಂದಿನ ಇಪ್ಪತ್ತು ಮೂವತ್ತು ವರ್ಷದಲ್ಲಿ ಕಾಯ್ದೆ ಮೇಲೆ ಕಾಯ್ದೆ ಬಂದು ಭೂಮಿ ಗೇಣಿದಾರರ ಕೈಗೆ ಬಂತು. ಗೇಣಿದಾರರಿಗೆ, ಗಮನಿಸಿ. ಭೂಮಿ ಇಲ್ಲದ ಕೂಲಿಯವರಿಗೆ ಸಿಕ್ಕಿದ್ದು ಒಂದು ಸಣ್ಣ ಮನೆ, ಅರ್ಧ ಎಕರೆ ಇಲ್ಲವೇ ಒಂದು ಎಕರೆ ಹಿತ್ತಲು. ನಮ್ಮ 1974ರ ಭೂ ಸುಧಾರಣೆ ನೆನಪಾಗಲಿಲ್ಲವಾ? ಊಳಿಗ ಮಾಡಿದವರು ಅರ್ಜಿ ಹಾಕೋಕೆ ಪಹಣಿಯಲ್ಲಿ ಹೆಸರಾದರೂ ಎಲ್ಲಿತ್ತು.

ಇನ್ನೂ ಒಂದು ಇದೆ. ಐರ್ಲೆಂಡಿನಲ್ಲಿ ಟ್ರಾವೆಲರ್ಸ್ ಅಂತ ಒಂದು ಅಲೆಮಾರಿ ಸಮುದಾಯ. ಸುಮಾರು ಮೂವತ್ತಮೂರು ಸಾವಿರ ಜನ. ತಗಡು ಬೆಸೆಯೋದು, ಕುದುರೆ ವ್ಯಾಪಾರ ಅವರ ಹಳೇ ಕಸುಬು. ಅವರನ್ನು ಒಂದು ಪ್ರತ್ಯೇಕ ಜನಾಂಗ ಅಂತ ಸರ್ಕಾರ ಒಪ್ಪಿಕೊಂಡಿದ್ದು 2017ರ ಮಾರ್ಚ್ 1ರಂದು. ಸದನದಲ್ಲಿ ಅದನ್ನು ಘೋಷಿಸಿದ ಪ್ರಧಾನಿ ಎಂಡಾ ಕೆನ್ನಿ ಬಾಯ್ಕಾಟ್ ಹುಟ್ಟಿದ ಮೇಯೋ ಜಿಲ್ಲೆಯವರೇ. ಟ್ರಾವೆಲರ್ಸ್ ಮದುವೆ ಅಂದರೆ ಛತ್ರ ಸಿಗಲ್ಲ, ಹೆಂಡದಂಗಡಿಯಲ್ಲಿ ಬಾಗಿಲಲ್ಲೇ ತಡೀತಾರೆ ಅಂತ ತಂಗಿಯ ಜೊತೆ ಕೆಲಸ ಮಾಡೋ ಐರಿಶ್ ನರ್ಸಮ್ಮನೇ ಹೇಳಿದರು. ಹೇಳುವಾಗ ಆಕೆಯ ಮುಖದಲ್ಲಿ ನಾಚಿಕೆ ಇರಲಿಲ್ಲ, "ಅವರು ಹಾಗೇ" ಅನ್ನೋ ಧಾಟಿ ಇತ್ತು. ಬಹಳ ಒಳ್ಳೆ ಹೆಂಗಸು. ಮಗುವಿಗೆ ಸ್ವೆಟರ್ ಹೆಣೆದು ಕೊಟ್ಟಿದ್ದಾರೆ.

ನಮ್ಮವರೂ ಕಮ್ಮಿ ಇಲ್ಲ. ಅಲ್ಲಿ ಕನ್ನಡದವರು ಸೇರೋ ಒಂದು ಹಬ್ಬದ ಊಟಕ್ಕೆ ಹೋಗಿದ್ದೆವು. ಹೋಳಿಗೆ ಬಡಿಸ್ತಾ ಒಬ್ಬರು "ನೀವು ಯಾವ ಕಡೆಯವರು?" ಅಂದರು. ತುಮಕೂರು ಕಡೆ ಅಂದೆ. "ಅದಲ್ಲ, ಮನೆದೇವರು ಯಾವುದು?" ಅಂದರು. ಮನೆದೇವರು ಹೇಳಿದೆ. ಎರಡನೇ ಹೋಳಿಗೆ ಬರಲಿಲ್ಲ. ಎಂಟು ಸಾವಿರ ಕಿಲೋಮೀಟರ್ ವಿಮಾನದಲ್ಲಿ ಬಂದವರು ಊರು-ಕೇರಿಯನ್ನು ಕ್ಯಾಬಿನ್ ಬ್ಯಾಗಿನಲ್ಲೇ ತಂದಿದ್ದಾರೆ.

ತಂಗಿ ಮಗಳಿಗೆ ಈಗ ಆರು ವರ್ಷ. ಐರ್ಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ ಸುಮಾರು ಶೇಕಡಾ 90 ಇವತ್ತಿಗೂ ಕ್ಯಾಥೊಲಿಕ್ ಚರ್ಚಿನ ಪೋಷಣೆಯಲ್ಲೇ ಇವೆ. ದೀಕ್ಷೆ ಆಗದ ಮಕ್ಕಳನ್ನು ಹಿಂದಕ್ಕೆ ತಳ್ಳಬಾರದು ಅಂತ 2018ರಲ್ಲಿ ಕಾಯ್ದೆ ಬಂತು, ಹಾಗಾಗಿ ಸೀಟು ಸಿಕ್ಕಿದೆ. ಧರ್ಮದ ಪಾಠಕ್ಕೆ ಕೂರೋದು ಕಡ್ಡಾಯ ಅಲ್ಲ ಅಂತ ಸಂವಿಧಾನದಲ್ಲೇ ಇದೆ. ಟೀಚರು ಒಳ್ಳೆಯವರು. ಆದರೂ ಇನ್ನೊಂದು ವರ್ಷಕ್ಕೆ ತರಗತಿಯ ಮಕ್ಕಳೆಲ್ಲ ಮೊದಲ ಪ್ರಸಾದದ ತಯಾರಿ ಮಾಡುವಾಗ ಇವಳು ಹಿಂದೆ ಕೂತು ಚಿತ್ರಕ್ಕೆ ಬಣ್ಣ ಹಚ್ಚಬೇಕು. "ದೊಡ್ಡಮ್ಮಾ, ನನಗೂ ಬಿಳೀ ಫ್ರಾಕ್ ಬೇಕು" ಅಂತ ಈಗಲೇ ಕೇಳ್ತಾಳೆ. ತಂಗಿ ಗಂಡ ಕೊಡಿಸೋಣ ಬಿಡು ಅಂತಾನೆ. ತಂಗಿ ಬೇಡ ಅಂತಾಳೆ. ಆ ಜಗಳದಲ್ಲಿ ನಾನು ಬಾಯಿ ಹಾಕಲಿಲ್ಲ. ಅವರ ಮಗಳು, ಅವರಿಬ್ಬರೇ ತೀರ್ಮಾನ ಮಾಡಲಿ. ಶೀಲಾ ಕ್ಲೋನಿ ಕೇಳಿದ್ದೂ ಅಷ್ಟೇ ತಾನೇ.

ಫೆಥರ್ಡಿನ ಕತೆಗೆ ಒಂದು ಕರಾಳ ಬಾಲ ಇದೆ. 1980ರ ದಶಕದಲ್ಲಿ ಶಾನ್ ಫಾರ್ಚೂನ್ ಅನ್ನೋ ಪಾದ್ರಿ ಅಲ್ಲಿಗೆ ಬಂದ. ಹುಡುಗರ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ. ಪಾದ್ರಿಯ ವಿರುದ್ಧ ಬಾಯಿಬಿಟ್ಟರೆ ಏನಾಗುತ್ತೆ ಅಂತ ಆ ಊರಿಗೆ 1957ರಿಂದಲೇ ಗೊತ್ತಿತ್ತು, ಹಾಗಾಗಿ ಬಹಳ ಜನ ಸುಮ್ಮನಿದ್ದರು ಅಂತ ನನ್ನ ಊಹೆ. ಸುಮ್ಮನಿರದೆ ಅವನ ಬಗ್ಗೆ ಮಾಹಿತಿ ಕೂಡಿಸಿಟ್ಟವರಲ್ಲಿ ಶಾನ್ ಕ್ಲೋನಿ ಒಬ್ಬರು. 1999ರಲ್ಲಿ ವಿಚಾರಣೆ ಎದುರಿಸಬೇಕಿದ್ದ ಫಾರ್ಚೂನ್ ಆತ್ಮಹತ್ಯೆ ಮಾಡಿಕೊಂಡ. 2002ರಲ್ಲಿ ಬಿಷಪ್ ಬ್ರೆಂಡನ್ ಕಾಮಿಸ್ಕಿ ರಾಜೀನಾಮೆ ಕೊಟ್ಟರು. 2005ರ ಫರ್ನ್ಸ್ ವರದಿಯಲ್ಲಿ ಆ ಧರ್ಮಪ್ರಾಂತ್ಯದ 21 ಪಾದ್ರಿಗಳ ಮೇಲಿನ ನೂರಕ್ಕೂ ಹೆಚ್ಚು ಆರೋಪಗಳು ಹೊರಬಂದವು. ಇದೇ ಕಾಮಿಸ್ಕಿ 1998ರಲ್ಲಿ ಬಾಯ್ಕಾಟಿಗೆ ಕ್ಷಮೆ ಕೇಳಿದ್ದವರು. ನಲವತ್ತೊಂದು ವರ್ಷ ಆದಮೇಲೆ.

ಶಾನ್ ಕ್ಲೋನಿ ಊರಿನ ಇತಿಹಾಸ ಬರೆದಿಡೋ ಹುಚ್ಚಿನವರು. ಅದನ್ನು ಓದಿದ ಮೇಲೆ ನಾನೂ ಒಂದು ನೋಟ್‌ಬುಕ್ ತಗೊಂಡೆ. ನಮ್ಮ ಎಪ್ಪತ್ತೆರಡು ದಿನದ್ದು ನೆನಪಿದ್ದಷ್ಟೂ ಬರೀತಾ ಇದ್ದೀನಿ: ಯಾವ ದಿನ ಅಂಗಡಿ ಬಾಗಿಲು ಹಾಕಿತು, ಡೈರಿಯಿಂದ ಎಷ್ಟು ಲೀಟರ್ ಹಾಲು ವಾಪಸು ಬಂತು, ಯಾರಿಗೆ ಎಷ್ಟು ಕೂಲಿ ತಪ್ಪಿತು, ಯಾವ ಮಗು ಶಾಲೆ ಬಿಟ್ಟಿತು, ಸೊಪ್ಪಿನಜ್ಜಿಗೆ ಎಷ್ಟು ದಂಡ ಬಿತ್ತು. ದಿನಾಂಕ ಮರೆತುಹೋದ ಕಡೆ ಅವ್ವನಿಗೆ ಫೋನ್ ಮಾಡ್ತೀನಿ. ಅವಳು ಅಮಾವಾಸ್ಯೆ, ಹಬ್ಬ, ಯಾರ ಮನೆ ಹಸು ಕರು ಹಾಕಿತ್ತು ಅಂತ ಲೆಕ್ಕ ಹಿಡಿದು ಹೇಳ್ತಾಳೆ, ನಾನು ಕ್ಯಾಲೆಂಡರ್ ನೋಡಿ ಕೂಡಿಸ್ತೀನಿ. ನಿಮ್ಮೂರುಗಳಲ್ಲೂ ಹೀಗಾಗಿದ್ದರೆ ಇಷ್ಟೇ ವಿವರ ಸಾಕು, ಬರೆದು ಇನ್‌ಬಾಕ್ಸಿಗೆ ಕಳಿಸಿ. ಕಾಮೆಂಟಿನಲ್ಲಿ ಬೇಡ, ಹೆಸರು ಹೊರಗೆ ಬಂದರೆ ಊರಲ್ಲಿರೋರಿಗೆ ತೊಂದರೆ. ಹದಿನೆಂಟನೇ ತಾರೀಖು ಬೆಂಗಳೂರಿಗೆ ಬಂದಿಳೀತೀನಿ. ಎಲ್ಲ ಒಟ್ಟಿಗೆ ಕೂತು ನೋಡೋಣ.

ಜೈಭೀಮ್.